ಒಂದೇ ಉಬ್ಬೆಯ ಬಟ್ಟೆ

ನಮ್ಮ ಆಸ್ಪತ್ರೆಯ ಇತಿಹಾಸ ಹೇಳುವವರು ಗೋಡೆಯಿಂದ ಶುರು ಮಾಡುತ್ತಾರೆ. ಜಾಗ ಯಾರು ಕೊಟ್ಟರು, ಬಂಡೆ ಎಲ್ಲಿಂದ ಬಂತು, ವಾರ್ಡು ಯಾವಾಗ ಎದ್ದಿತು, ಆಪರೇಶನ್ ಥಿಯೇಟರು ಯಾವಾಗ ಆಯಿತು. ಕಲ್ಲಿನ ಮೇಲೆ ಹೆಸರು ಕೆತ್ತಿಸಿಯೂ ಇಟ್ಟಿದ್ದಾರೆ. ಇರಲಿ, ಗೋಡೆ ಕಟ್ಟಿಸಿದವರ ಹೆಸರು ಗೋಡೆಯ ಮೇಲೆ ಇರಬೇಕಾದ್ದೇ. ಆದರೆ ಆ ಗೋಡೆಯ ಒಳಗೆ ಎಲ್ಲರೂ ಒಂದೇ ಬಟ್ಟೆಯ ಮೇಲೆ ಮಲಗಿದರಲ್ಲ, ಅದು ತಾನಾಗಿ ಆದದ್ದಲ್ಲ. ಅದಕ್ಕೆ ಜಗಳ ಬಿದ್ದಿದೆ. ಜಗಳ ತೆಗೆದವನು ನಾನು. ಹಂಗಾಗಿ ಬರೆಯುವವನೂ ನಾನೇ.

ನಾವು ಮಡಿವಾಳರು, ಊರ ಬಾಯಲ್ಲಿ ಅಗಸರು. ಮೂರನೇ ಕ್ಲಾಸಿನಲ್ಲಿ ನನ್ನ ಸ್ಲೇಟು ಒಡೆದಾಗ ಅವ್ವ ಹೊಸ ಸ್ಲೇಟು ಕೊಡಿಸಲಿಲ್ಲ, ಕತ್ತೆಯ ಹಗ್ಗ ಕೈಗೆ ಕೊಟ್ಟಳು. ಅದಕ್ಕೆ ನನಗೆ ಬೇಜಾರಿಲ್ಲ. ನನ್ನ ಅಕ್ಷರ ಡೊಂಕು. ಓದುವವರು ಬೇಕಾದರೆ ಕತ್ತು ಡೊಂಕು ಮಾಡಿ ಓದಲಿ.

ಕೂಡ್ಲಿಗಿಯಿಂದ ಕೊಟ್ಟೂರಿಗೆ ಹೋಗುವ ದಾರಿ ಬಿಟ್ಟು ಒಳಗೆ ಸರಿದ ಊರು ನಮ್ಮದು. ಎಪ್ಪತ್ತರ ದಶಕದಲ್ಲಿ ಅಲ್ಲಿಯ ಗೌಡರ ಹಳೇ ಶೇಂಗಾ ಗೋದಾಮಿನಲ್ಲಿ ಆಸ್ಪತ್ರೆ ಶುರುವಾಯಿತು. ಮೈಸೂರು ಕಡೆಯ ಒಬ್ಬ ಡಾಕ್ಟರು, ಮಂಗಳೂರು ಕಡೆಯ ಒಬ್ಬ ಸಿಸ್ಟರು, ಔಷಧಿ ಇಡಲು ಒಂದು ಬೀರು. ಅಷ್ಟೇ. ಮೊದಮೊದಲು ರೋಗಿ ಬಂದನೆಂದರೆ ಅವನ ಹಾಸಿಗೆಯೂ ಅವನ ಜೊತೆ ಬರುತ್ತಿತ್ತು. ಗುಡೇಕೋಟೆ ಕಡೆಯ ಕುರಿಗಾರರು ತಮ್ಮ ಕರಿ ಕಂಬಳಿ ಹಾಸಿಕೊಂಡು ಮಲಗುತ್ತಿದ್ದರು. ಊರ ಹೊರಗಿನ ಕೇರಿಯವರು ಗೋದಾಮಿನ ಹಿಂದಿನ ಜಗುಲಿಯ ಮೇಲೆ ಗೋಣಿತಾಟು ಬಿಚ್ಚಿಕೊಳ್ಳುತ್ತಿದ್ದರು. ಒಗೆಯುವುದಕ್ಕೆ ಸಿಸ್ಟರಮ್ಮನ ಬಿಳಿ ಬಟ್ಟೆ, ಡಾಕ್ಟರ ಅಂಗಿ, ಗಾಯ ಒರೆಸುವ ತುಂಡುಗಳು. ಅದನ್ನು ನಾನು ಒಗೆಯುತ್ತಿದ್ದೆ. ಡಾಕ್ಟರು ಎಲ್ಲ ಜಾತಿಯವರ ಕೈ ಹಿಡಿದು ನಾಡಿ ನೋಡುತ್ತಿದ್ದರು, ಅದರ ಬಗ್ಗೆ ಒಬ್ಬರೂ ಉಸಿರೆತ್ತಲಿಲ್ಲ. ಡಾಕ್ಟರು ಮುಟ್ಟಿದರೆ ಔಷಧಿ, ಬಟ್ಟೆ ಮುಟ್ಟಿದರೆ ಮೈಲಿಗೆ. ನಮ್ಮೂರಿನ ಲೆಕ್ಕ ಹಂಗಿತ್ತು.

ಆಮೇಲೆ ಕಬ್ಬಿಣದ ಮಂಚಗಳು ಬಂದವು. ಹೊಸಪೇಟೆಯಿಂದ ಲಾರಿಯಲ್ಲಿ ಬಂದವನ್ನು ನಾವೇ ಇಳಿಸಿದೆವು. ಮಂಚದ ಹಿಂದೆ ಗಾದಿ ಬಂತು, ಗಾದಿಯ ಹಿಂದೆ ಬಿಳಿ ಹಾಸುಬಟ್ಟೆ ಬಂತು, ಹಾಸುಬಟ್ಟೆಯ ಹಿಂದೆ ಜಾತಿ ಬಂತು. ಯಾಕೆಂದರೆ ಈಗ ಹಾಸಿಗೆ ರೋಗಿಯದಲ್ಲ, ಆಸ್ಪತ್ರೆಯದು. ಇವತ್ತು ಒಬ್ಬರ ಮೈ ಕೆಳಗಿದ್ದದ್ದು ಒಗೆದು ಬಂದರೆ ನಾಳೆ ಇನ್ನೊಬ್ಬರ ಮೈ ಕೆಳಗೆ. ಕೇರಿಯವರಿಗೆ ಮೂಲೆಯ ಮಂಚ ಕೊಟ್ಟಿದ್ದರು, ಬಟ್ಟೆ ಮಾತ್ರ ಎಲ್ಲರಿಗೂ ಅವೇ.

ಮೊದಲು ಕೇಳಿದವಳು ಅವ್ವನೇ. ಅವ್ವ ಹಳ್ಳದಲ್ಲಿ ಊರ ಮನೆಗಳ ಬಟ್ಟೆ ಒಗೆಯುತ್ತಿದ್ದಳು. ಬೆಳಿಗ್ಗೆ ಮನೆಮನೆಗೆ ಹೋಗಿ ಗಂಟು ತರುವುದು, ಸಂಜೆ ಅದೇ ಮನೆಗಳಿಂದ ರೊಟ್ಟಿ ಇಸಿದುಕೊಂಡು ಬರುವುದು, ಸುಗ್ಗಿಯಲ್ಲಿ ಕಣಕ್ಕೆ ಹೋಗಿ ನಮ್ಮ ಪಾಲಿನ ಜೋಳ ತರುವುದು. ನಾನು ಮೊದಲ ಸಲ ಹಾಸುಬಟ್ಟೆಗಳ ಗಂಟನ್ನು ಕತ್ತೆಯ ಮೇಲಿಂದ ಇಳಿಸಿದಾಗ ಅವಳು ಕೈ ನಿಲ್ಲಿಸಿದಳು.

"ಇವು ಯಾರ ಬಟ್ಟಿಲೇ?"

"ದವಾಖಾನಿವು."

"ದವಾಖಾನಿಗೆ ಮೈ ಇರತೈತೇನು? ಯಾರು ಮಲಗಿದ್ದರು ಅಂತ ಕೇಳಿದ್ದು."

"ಜ್ವರ ಬಂದೋರು."

"ಕೇರಿಯೋರು ಅದಾರ?"

"ಅದಾರ."

ಅವ್ವ ತನ್ನ ಗಂಟು ಎತ್ತಿಕೊಂಡು ಮೇಲಿನ ಕಲ್ಲಿಗೆ ಹೋದಳು. ನಮ್ಮ ಕುಲದವರು ಊರಿನ ಎಲ್ಲರ ಹೊಲಸು ಒಗೆಯುತ್ತಾರೆ, ಬಾಣಂತಿಯ ಬಟ್ಟೆ ಒಗೆಯುತ್ತಾರೆ, ಸತ್ತವರದ್ದು ಒಗೆಯುತ್ತಾರೆ; ಕೇರಿಯವರದ್ದು ಮಾತ್ರ ಮುಟ್ಟಿದವರಲ್ಲ. ನಮಗಿಂತ ಕೆಳಗೆ ಒಬ್ಬರನ್ನು ಇಟ್ಟುಕೊಂಡು ನಾವೂ ಮೇಲಿನವರಾಗಿದ್ದೆವು. ಮರುದಿನದಿಂದ ನಾನು ಆಸ್ಪತ್ರೆಯ ಹಿಂದಿನ ಬಾವಿಯ ಹತ್ತಿರ ಕಲ್ಲು ಹೂಡಿಕೊಂಡೆ. ಅಲ್ಲೇ ಬೇರೆ ಉಬ್ಬೆಯನ್ನೂ ಇಟ್ಟೆ.

ಉಬ್ಬೆ ಅಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ದೊಡ್ಡ ಹಂಡೆಯಲ್ಲಿ ನೀರು ಕಾಯಿಸಬೇಕು. ಹೊಲದ ಅಂಚಿನಲ್ಲಿ ಬೆಳ್ಳಗೆ ಉಪ್ಪಿನಂತೆ ಮೇಲೇಳುವ ಸವಳು ಮಣ್ಣು ಕೆರೆದು ತಂದು ನೀರಲ್ಲಿ ಕದಡಿ, ಬಟ್ಟೆಗಳನ್ನು ಅದರಲ್ಲಿ ಅದ್ದಿ ಹಿಂಡಬೇಕು. ಆಮೇಲೆ ಹಂಡೆಯ ಬಾಯಿ ಸುತ್ತ ಸುರುಳಿ ಸುರುಳಿಯಾಗಿ ಗೋಪುರದಂತೆ ಜೋಡಿಸಿ, ಮೇಲೆ ಗೋಣಿತಾಟು ಮುಚ್ಚಿ ಬೆಂಕಿ ಹಾಕಬೇಕು. ಒಳಗಿನ ಆವಿ ಒಂದೊಂದು ಎಳೆಯನ್ನೂ ಹೊಕ್ಕು ಹೊರಡುತ್ತದೆ. ಅದರಲ್ಲಿ ಬೆಂದ ಬಟ್ಟೆಯಲ್ಲಿ ಹೇನೂ ಉಳಿಯುವುದಿಲ್ಲ, ವಾಸನೆಯೂ ಉಳಿಯುವುದಿಲ್ಲ.

ಸಿಸ್ಟರಮ್ಮ ಅದನ್ನು ನೋಡಿ ಖುಷಿಪಟ್ಟರು, ಆದರೆ ಬಿಡಲಿಲ್ಲ. ಡಾಕ್ಟರ ಅಂಗಿಗೆ ನಾನು ಗೌಡರ ಪಂಚೆಗೆ ಹಾಕಿದಷ್ಟೇ ಪ್ರೀತಿಯಿಂದ ಗಂಜಿ ಹಾಕಿ ಹಲಗೆಯಂತೆ ನಿಲ್ಲಿಸಿ ಕೊಟ್ಟಿದ್ದೆ.

"ಎಂತ ಮಾರಾಯ ಇದು, ಅಂಗಿಯಾ ಬಾಗಿಲಾ?" ಅಂದರು. "ಥಿಯೇಟರ್ ಆದ ಮೇಲೆ ಈ ಬಟ್ಟೆ ಡ್ರಮ್ಮಿಗೆ ಹೋಗ್ತದೆ. ಡ್ರಮ್ಮನ್ನು ಪುನಃ ಆವಿಯಲ್ಲಿ ಇಡ್ಲಿಕ್ಕುಂಟು. ಗಂಜಿ ಹಾಕಿದ್ರೆ ಆವಿ ಒಳಗೆ ಹೋಗೂದಿಲ್ಲ. ಗಂಜಿ ನೀನು ಕುಡಿ."

ಗಂಜಿ ಬಿಟ್ಟೆ. ರಕ್ತದ ಬಟ್ಟೆಗೆ ಮೊದಲು ತಣ್ಣೀರು, ಬಿಸಿನೀರು ಸೋಕಿದರೆ ಕಲೆ ಕೂತೇಬಿಡುತ್ತದೆ ಅನ್ನುವುದನ್ನು ಅವರು ಹೇಳುವ ಮೊದಲೇ ನಾನು ಹೇಳಿದೆ. ಹಂಗೆ ಕೊಡುವುದು ಕೊಟ್ಟು, ಇಸಿದುಕೊಳ್ಳುವುದು ಇಸಿದುಕೊಂಡು ಕೆಲಸ ನಡೆದಿತ್ತು. ಥಿಯೇಟರಿನ ಗೋಡೆ ಬಾಗಿಲ ಎತ್ತರಕ್ಕೆ ಬಂದಿತ್ತು.

ಆಗ ಗೌಡರು ಬಂದರು. ಗೌಡರು ಅಂದರೆ ಗೋದಾಮು ಕೊಟ್ಟವರು, ಕಮಿಟಿಗೆ ಅಧ್ಯಕ್ಷರು. ಥಿಯೇಟರ್ ಚಾವಣಿಯ ಬಂಡೆಗಳು ಗುಡೇಕೋಟೆ ಗುಡ್ಡದಿಂದ ಬರುತ್ತಿದ್ದದ್ದು ಅವರ ಬಂಡಿಗಳಲ್ಲೇ. ಕೆಟ್ಟವರಲ್ಲ. ಕೆಟ್ಟವರಾಗಿದ್ದರೆ ನನಗೆ ಸುಲಭವಿತ್ತು.

ಬೇವಿನ ಮರದ ಕೆಳಗೆ ಕುರ್ಚಿ ಹಾಕಿಸಿಕೊಂಡು, ಡಾಕ್ಟರನ್ನು ಪಕ್ಕದಲ್ಲಿ ಕೂಡಿಸಿಕೊಂಡು ನನ್ನನ್ನು ಕರೆಸಿದರು.

"ನೋಡು ತಮ್ಮಾ, ನಾ ಜಾತಿ ಮಾತಾಡಾಂವಲ್ಲ. ದವಾಖಾನಿ ಎಲ್ಲರದು. ಆದ್ರ ಮಂದಿ ಬರಬೇಕಲ್ಲ? ಹೊಸಹಳ್ಳಿಯಿಂದ ಬಂದ ಹೆಣ್ಣುಮಗಳು ಮಂಚ ನೋಡಿ ತಿರುಗಿ ಹೋದಳಂತ. ಈ ಬಟ್ಟಿ ಮ್ಯಾಲೆ ಯಾರ್ಯಾರು ಮಲಗ್ಯಾರೋ ಅಂದಳಂತ. ಅದಕ್ಕ ಎರಡು ಗುರುತು ಹಾಕಿಬಿಡು. ಊರೋರ ಮಂಚದ ಬಟ್ಟಿಗೆ ಒಂದು, ಆ ಮೂಲಿ ಮಂಚದ ಬಟ್ಟಿಗೆ ಒಂದು. ಉಬ್ಬಿನೂ ಎರಡು ಇಡು. ಕಟ್ಟಿಗಿ ನಾ ಕಳಸ್ತೀನಿ."

ನಾನು ಡಾಕ್ಟರ ಮುಖ ನೋಡಿದೆ. ಅವರು ನೆಲ ನೋಡುತ್ತಿದ್ದರು.

ಗೌಡರು ಹೋದ ಮೇಲೆ ಡಾಕ್ಟರು ನನ್ನನ್ನು ಥಿಯೇಟರಿನ ಅರ್ಧ ಗೋಡೆಯ ಹತ್ತಿರ ಕರೆದುಕೊಂಡು ಹೋದರು. "ಚಾವಣಿ ಆಗೋವರೆಗೂ ಅವರು ಹೇಳಿದ ಹಾಗೆ ಮಾಡಪ್ಪ" ಅಂದರು. "ಹೊಟ್ಟೆ ಕೊಯ್ದು ಕೂಸು ತೆಗೀಬೇಕಾದ ಹೆಂಗಸರನ್ನ ಬಳ್ಳಾರಿಗೆ ಕಳಿಸಿ ಕಳಿಸಿ ನನಗೆ ಸಾಕಾಗಿದೆ. ದಾರಿಯಲ್ಲೇ ಹೋಗಿಬಿಡ್ತಾರೆ. ಎರಡು ಗುರುತು ತಾನೇ. ಹಾಕು. ಆಮೇಲೆ ನೋಡೋಣ."

ಆ ಮಾತು ಸುಳ್ಳಲ್ಲ. ಹಂಗೆ ಹೋದವರ ಬಟ್ಟೆಯನ್ನೂ ನಾನೇ ಒಗೆದಿದ್ದೇನೆ.

"ಆಯ್ತು ಸಾರ್" ಅಂದೆ. "ಒಂದು ಕೇಳ್ತೀನಿ. ಇಲ್ಲಿ ಹೊಟ್ಟಿ ಕೊಯ್ಯೋವಾಗ ನೀವು ಅಂಗಿ ಹಾಕ್ಕೊಂತೀರಿ. ಆ ಅಂಗಿಗೆ ಯಾವ ಗುರುತು ಹಾಕ್ಲಿ? ಊರಿಂದೋ, ಮೂಲಿದೋ?"

ಡಾಕ್ಟರು ಅರ್ಧ ಗೋಡೆಯ ಕಡೆ ತಿರುಗಿದರು. "ಹೋಗು, ಕೆಲಸ ನೋಡು" ಅಂದರು.

ಕೆಲಸ ನೋಡಿದೆ. ಮನೆಗೆ ಬಂದು ಕೇರುಬೀಜದ ಡಬ್ಬಿ ತೆಗೆದೆ. ಬಟ್ಟೆ ಅದಲುಬದಲಾಗಬಾರದೆಂದು ನಾವು ಒಂದೊಂದು ಮನೆಯ ಬಟ್ಟೆಗೆ ಒಂದೊಂದು ಗುರುತು ಹಾಕುತ್ತೇವೆ. ಕಾಡಿನಿಂದ ತಂದ ಕೇರುಬೀಜಕ್ಕೆ ಸೂಜಿ ಚುಚ್ಚಿದರೆ ಕರೀ ರಸ ಬರುತ್ತದೆ. ಅದರಿಂದ ಬಟ್ಟೆಯ ಮೂಲೆಗೆ ಚುಕ್ಕಿ, ಗೆರೆ ಎಳೆದು, ಮೇಲೆ ಸುಣ್ಣ ಒತ್ತಿ ಒಗೆದರೆ ಬಟ್ಟೆ ಹರಿದರೂ ಗುರುತು ಹೋಗುವುದಿಲ್ಲ. ಗೌಡರ ಮನೆಯದು ಜೋಡಿ ಗೆರೆ. ಶಾನುಭೋಗರ ಮನೆಯದು ಗೆರೆಯ ಮೇಲೆ ಚುಕ್ಕಿ. ಊರೆಲ್ಲ ನಮ್ಮ ತಲೆಯಲ್ಲಿತ್ತು. ಕೇರಿಗೆ ಗುರುತೇ ಇರಲಿಲ್ಲ, ನಾವು ಒಗೆದರೆ ತಾನೇ ಇರುವುದು. ಆಸ್ಪತ್ರೆಗೂ ಇರಲಿಲ್ಲ.

ನಮ್ಮ ಮನೆಯ ಬಟ್ಟೆಗೂ ಒಂದು ಗುರುತಿದೆ. ಗೆರೆಯ ಕೆಳಗೆ ಮೂರು ಚುಕ್ಕಿ. ಅದನ್ನೇ ಹಾಕಿದೆ. ಹಾಸುಬಟ್ಟೆಗೆ, ದಿಂಬಿನ ಚೀಲಕ್ಕೆ, ಡಾಕ್ಟರ ಅಂಗಿಗೆ, ಸಿಸ್ಟರಮ್ಮನ ಮುಸುಕಿಗೆ, ಎಲ್ಲಕ್ಕೂ ಅದೇ. ಎರಡನೆಯ ಗುರುತು ಕೇಳಿದವರಿಗೆ ಇಲ್ಲ ಅನ್ನಬೇಕು, ಅಷ್ಟೇ ನನ್ನ ತಲೆಯಲ್ಲಿದ್ದದ್ದು. ಗೌಡರು ಕೊಟ್ಟೂರು ಸಂತೆ ಮುಗಿಸಿಕೊಂಡು ನೋಡಲು ಬರುತ್ತಾರೆಂದು ಗೊತ್ತಿತ್ತು. ಅವರು ಬರುವುದರೊಳಗೆ ಮುಗಿಸಬೇಕೆಂಬ ಹಟದಲ್ಲಿ ಒಂದೇ ಸಮ ಎಳೆದೆ. ಅರ್ಧಕ್ಕೆ ಸುಣ್ಣ ಮುಗಿಯಿತು. ಮಿಕ್ಕದ್ದನ್ನು ಹಂಗೇ ನೀರಲ್ಲಿ ಜಾಲಾಡಿ ಒಣಗಿಸಿ, ಉಬ್ಬೆಗೆ ಹಾಕದೆ ಮಂಚಗಳಿಗೆ ಹಾಸಿಬಿಟ್ಟೆ.

ಗೌಡರು ವಾರ್ಡಿನೊಳಗೆ ಬಂದು ಮೊದಲ ಮಂಚದ ಬಟ್ಟೆಯ ಮೂಲೆ ಎತ್ತಿ ನೋಡಿದರು. ಆಮೇಲೆ ಮೂಲೆಯ ಮಂಚಕ್ಕೆ ಹೋಗಿ ದೂರದಿಂದಲೇ ಬಗ್ಗಿ ನೋಡಿದರು.

"ಇದು ಯಾರ ಗುರುತು?"

"ನಮ್ಮನಿದು."

"ಇನ್ನೊಂದು ಎಲ್ಲೈತಿ?"

"ಇನ್ನೊಂದಿಲ್ಲರಿ."

ಅವರ ಮೀಸೆ ಸ್ವಲ್ಪ ಅಲುಗಿತು. "ಅಗಸರ ಗುರುತಿನ ಬಟ್ಟಿ ಮ್ಯಾಲೆ ಗೌಡರು ಮಲಗಬೇಕನಲೇ?"

"ಜ್ವರ ಬಂದ್ರ ಮಲಗಬೇಕಾಗತೈತ್ರಿ ಗೌಡ್ರ."

ಮಂಚದ ಮೇಲಿದ್ದ ಮುದುಕನೊಬ್ಬ ಕೆಮ್ಮಿದಂತೆ ಮಾಡಿ ನಕ್ಕ. ಗೌಡರು ತಿರುಗಿ ನೋಡದೆ ಹೊರಟುಹೋದರು. ಆ ದಿನ ನನ್ನಷ್ಟು ಬೀಗಿದವನು ಕೂಡ್ಲಿಗಿ ತಾಲ್ಲೂಕಿನಲ್ಲಿ ಇನ್ನೊಬ್ಬ ಇರಲಿಕ್ಕಿಲ್ಲ.

ಬೀಗಿದ್ದು ಬಹಳ ಹೊತ್ತು ಉಳಿಯಲಿಲ್ಲ. ಒಂದೆರಡು ದಿನ ಕಳೆದಿರಬೇಕು, ವಾರ್ಡಿನಲ್ಲಿ ಕೂಗಾಟ. ಒಬ್ಬ ಬಾಣಂತಿಯ ಕುತ್ತಿಗೆಯ ಮೇಲೆ ಗುಳ್ಳೆ ಎದ್ದಿವೆ. ಪಕ್ಕದ ಕುರಿಗಾರನ ಭುಜಕ್ಕೂ ಎದ್ದಿವೆ. ಮೂಲೆಯ ಮಂಚದ ಕೇರಿಯ ಹುಡುಗಿಗೆ ಗಲ್ಲ ಊದಿದೆ. ಆ ವರ್ಷಗಳಲ್ಲಿ ಗುಳ್ಳೆ ಅಂದರೆ ಜನಕ್ಕೆ ಒಂದೇ ನೆನಪು, ಸಿಡುಬು. ಬಾಣಂತಿಯ ಅತ್ತೆ ಕೂಸನ್ನು ಸೆರಗಿಗೆ ಕಟ್ಟಿಕೊಂಡು ಎದ್ದೇಬಿಟ್ಟಳು.

"ಅಮ್ಮ ಬಂದಾಳ. ಕೂಡಿಸಬಾರದ್ದು ಕೂಡಿಸ್ಯಾರ, ಅದಕ್ಕ ಬಂದಾಳ. ಏಳಬೇ, ನಡಿ ಮನಿಗೆ."

ಮಧ್ಯಾಹ್ನದೊಳಗೆ ಮುಕ್ಕಾಲು ವಾರ್ಡು ಖಾಲಿ. ಎತ್ತಿನ ಬಂಡಿ ಸಿಕ್ಕವರು ಬಂಡಿಯಲ್ಲಿ, ಸಿಗದವರು ಹೆಗಲ ಮೇಲೆ. ಗೌಡರು ಬಾಗಿಲಲ್ಲಿ ನಿಂತು ಹೋಗುವವರನ್ನು ನೋಡುತ್ತಿದ್ದರು.

ಸಿಸ್ಟರಮ್ಮ ಮಾತ್ರ ಗಡಿಬಿಡಿ ಮಾಡಲಿಲ್ಲ. ಉಳಿದಿದ್ದ ಕುರಿಗಾರನ ಭುಜ ನೋಡಿದರು, ಅವನು ಮಲಗಿದ್ದ ಬಟ್ಟೆಯ ಮೂಲೆ ಎತ್ತಿ ಗುಳ್ಳೆಯ ಮೇಲೆ ಹಿಡಿದರು. ಗುರುತು ಎಲ್ಲಿತ್ತೋ ಗುಳ್ಳೆ ಅಲ್ಲೇ.

"ಇದು ಅಮ್ಮ ಅಲ್ಲ. ಸುಟ್ಟದ್ದು. ನಾನು ಕಲೀಲಿಕ್ಕೆ ಇದ್ದಾಗ ನೋಡಿದ್ದೇನೆ. ಎಂತ ಹಚ್ಚಿದ್ದು ನೀನು ಇದಕ್ಕೆ?"

ಕೇರು ಅಂದೆ. ಅಂದಕೂಡಲೇ ನನಗೂ ಹೊಳೆಯಿತು. ಹಸೀ ಕೇರು ಚರ್ಮ ಸುಡುತ್ತದೆ ಅನ್ನುವುದು ನಮ್ಮ ಮನೆಯ ಕೂಸಿಗೂ ಗೊತ್ತು. ಅದಕ್ಕೇ ಸುಣ್ಣ, ಅದಕ್ಕೇ ಉಬ್ಬೆ.

ಡಾಕ್ಟರು ಕೆಂಪಾದರು. "ನಿನ್ನ ಹಟಕ್ಕೆ ರೋಗಿಗಳ ಚರ್ಮ ಸುಟ್ಟೆಯಲ್ಲೋ."

"ಸುಣ್ಣ ಹಚ್ಚಲಿಲ್ಲ, ಅದು ನನ್ನ ತಪ್ಪು ಸಾರ್. ಕೂಡಿಸಿದ್ದು ತಪ್ಪಲ್ಲ."

"ಈಗ ಅದನ್ನ ಯಾರು ನಂಬ್ತಾರೆ?"

ಬಾಗಿಲಲ್ಲಿ ಗೌಡರಿದ್ದರು, ಅವರ ಹಿಂದೆ ಊರವರು ನಿಂತಿದ್ದರು. ನಾನು ಸೊಂಟದ ಚೀಲದಿಂದ ಒಂದು ಕೇರುಬೀಜ ತೆಗೆದು, ಸೂಜಿ ಚುಚ್ಚಿ, ಅಂಗಿಯ ತೋಳು ಮೇಲಕ್ಕೆ ಮಡಿಚಿ, ಎಡತೋಳಿನ ಒಳಮೈ ಮೇಲೆ ನಮ್ಮ ಮನೆಯ ಗುರುತನ್ನೇ ಎಳೆದೆ.

"ನೋಡಿಕೊಳ್ಳಿರಿ. ನಾ ದವಾಖಾನಿ ಬಟ್ಟಿ ಮ್ಯಾಲೆ ಮಲಗಾಂವಲ್ಲ, ನಮ್ಮನಿ ಚಾಪಿ ಮ್ಯಾಲೆ ಮಲಗ್ತೀನಿ. ನಾಳಿ ನಾಡದ್ದರಾಗ ಇದು ಉಬ್ಬಿದ್ರ ಕೇರಿನ ಕೆಲಸ. ಉಬ್ಬಲಿಲ್ಲಂದ್ರ ನೀವು ಹೇಳಿದ ದೇವರ ಕೆಲಸ. ಆಗ ನಾನ ಊರು ಬಿಡ್ತೀನಿ."

ಮನೆಗೆ ಬಂದರೆ ಅವ್ವನಿಗೆ ಸುದ್ದಿ ಮುಟ್ಟಿತ್ತು. ಅವಳು ಜಾತಿಯ ಮಾತೆತ್ತಲಿಲ್ಲ. ಅವಳ ಸಿಟ್ಟು ಬೇರೆಯೇ ಇತ್ತು.

"ಸುಣ್ಣ ಹಚ್ಚಲಾರದ ಕೇರು ಇಟ್ಟು ಬಟ್ಟಿ ಹಾಸಿದ್ಯಂತ. ಅಗಸನ ಮಗನೇನಲೇ ನೀನು? ನಿಮ್ಮಪ್ಪ ಇದ್ದಿದ್ರ ಆ ಕಲ್ಲಿಗೆ ನಿನ್ನ ಒಗೀತಿದ್ದ." ಬೈಯುತ್ತಲೇ ಒಳಗಿನಿಂದ ಸುಣ್ಣದ ಗಡಿಗೆ ತಂದು ನನ್ನ ಮುಂದೆ ಕುಕ್ಕಿದಳು. "ಒಯ್ಯಿ. ಎಲ್ಲಾ ಬಿಚ್ಚಿ ಮೊದಲಿಂದ ಮಾಡು. ಎರಡು ಸಲ ಉಬ್ಬಿಗೆ ಹಾಕು."

ಎಲ್ಲ ಮಂಚಗಳ ಬಟ್ಟೆ ಬಿಚ್ಚಿದೆ. ಒಂದೊಂದೇ ಮೂಲೆ ಹಿಡಿದು ಗುರುತಿನ ಮೇಲೆ ಸುಣ್ಣ ಒತ್ತಿದೆ, ಒಣಗಿಸಿದೆ, ತಿಕ್ಕಿದೆ. ಸವಳಲ್ಲಿ ಅದ್ದಿ ಉಬ್ಬೆ ಕಟ್ಟಿದೆ. ಆರಿದ ಮೇಲೆ ಬಿಚ್ಚಿ, ಒಳಗಿದ್ದದ್ದು ಹೊರಗೆ, ಹೊರಗಿದ್ದದ್ದು ಒಳಗೆ ಮಾಡಿ ಮತ್ತೆ ಕಟ್ಟಿದೆ. ಕಟ್ಟಿಗೆ ಗೌಡರ ಕಡೆಯಿಂದ ಬರಲಿಲ್ಲ. ಬಳ್ಳಾರಿ ಜಾಲಿ ಕಡಿದುಕೊಂಡು ಬಂದೆ. ಅಷ್ಟರಲ್ಲಿ ನನ್ನ ತೋಳು ಉಬ್ಬಿತ್ತು. ಮೊದಲು ಕೆಂಪು, ಆಮೇಲೆ ನೀರುಗುಳ್ಳೆ, ತುರಿಕೆಯಂತೂ ಹೇಳತೀರದು. ಗೆರೆ ಮತ್ತು ಮೂರು ಚುಕ್ಕಿ ಇದ್ದ ಹಾಗೇ ಎದ್ದಿದ್ದವು. ಅಂಗಿಯ ತೋಳು ಮಡಿಚಿಕೊಂಡು ಊರ ತುಂಬ ತಿರುಗಿದೆ. ಗೌಡರ ಮನೆಯ ಮುಂದೆ, ಗುಡಿಯ ಕಟ್ಟೆಯ ಮುಂದೆ, ಹೋಟೆಲಿನ ಮುಂದೆ. ನಕ್ಕವರು ನಕ್ಕರು. ನೋಡಬೇಕಾದವರು ನೋಡಿದರು. ಸಿಸ್ಟರಮ್ಮ ಮುಲಾಮು ಹಚ್ಚಲು ಕರೆದರೆ, ಎಲ್ಲರೂ ನೋಡಿ ಆಗಲಿ ಅಂದೆ.

ಒಗೆದ ಬಟ್ಟೆಗಳನ್ನು ಹಿಂದಿನ ಹಿತ್ತಲಲ್ಲಿ ಒಣಹಾಕಲಿಲ್ಲ. ಆಸ್ಪತ್ರೆಗೆ ಬರುವ ದಾರಿಯ ಎರಡೂ ಬದಿಯ ಪೊದೆಗಳ ಮೇಲೆ ಹರಡಿದೆ. ದಾರಿಯುದ್ದಕ್ಕೂ ಬೆಳ್ಳಗೆ. ಆ ಕಡೆ ಬಂದ ಗೌಡರಿಗೆ ಹೇಳಿದೆ:

"ಇದರಾಗ ಮೂಲಿ ಮಂಚದ್ದು ಯಾವುದು, ಊರಿಂದು ಯಾವುದು, ತೋರಿಸಿಕೊಡ್ರಿ ಗೌಡ್ರ. ತೋರಿಸಿದ್ರ ಇವತ್ತ ಎರಡು ಗುರುತು ಹಾಕ್ತೀನಿ."

ಅವರು ಬಟ್ಟೆ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ, ನೆಟ್ಟಗೆ ಡಾಕ್ಟರ ಹತ್ತಿರ ಹೋದರು. ನಾನೂ ಹಿಂದೆ ಹೋದೆ. ನನ್ನ ವಿಷಯ ಮಾತಾಡುವಾಗ ನಾನು ಹೊರಗೆ ನಿಲ್ಲುವವನಲ್ಲ.

"ಈ ಹುಡುಗನ್ನ ತೆಗೀರಿ ಡಾಕ್ಟ್ರೆ. ಹೂವಿನಹಡಗಲಿ ಕಡೆಯಿಂದ ಇನ್ನೊಬ್ಬನ್ನ ನಾ ತರಸ್ತೀನಿ. ಇಲ್ಲಂದ್ರ ಬಂಡಿ ಬರಂಗಿಲ್ಲ."

ಡಾಕ್ಟರು ಕನ್ನಡಕ ತೆಗೆದು ಅಂಗಿಯ ಅಂಚಿಗೆ ಒರೆಸಿಕೊಂಡರು. ಆ ಅಂಚಿನಲ್ಲೂ ಗೆರೆಯ ಕೆಳಗೆ ಮೂರು ಚುಕ್ಕಿ ಇತ್ತು.

"ಗೌಡರೇ, ಇವನ ಮೇಲೆ ನನಗೂ ಸಿಟ್ಟಿದೆ. ಆದರೆ ಇವನೊಂದು ಪ್ರಶ್ನೆ ಕೇಳಿದ್ದಾನೆ, ಅದಕ್ಕೆ ಇವತ್ತಿಗೂ ಉತ್ತರ ಸಿಕ್ಕಿಲ್ಲ. ನಾನು ತೊಡೋದು ಒಂದೇ ಅಂಗಿ. ಅದಕ್ಕೆ ಎರಡು ಗುರುತು ಹಾಕಿಸಿಕೊಳ್ಳೋಕೆ ಆಗೋದಿಲ್ಲ. ಬಂಡಿ ನಿಲ್ಲಿಸೋದಾದ್ರೆ ನಿಲ್ಲಿಸಿ."

ಬಂಡಿ ನಿಂತವು. ಬಂಡೆಗಳು ಗುಡ್ಡದ ಬುಡದಲ್ಲೇ ಉಳಿದವು. ಥಿಯೇಟರಿನ ಗೋಡೆಗಳು ಬಹಳ ತಿಂಗಳು ಬಾಯಿ ಬಿಟ್ಟುಕೊಂಡು ನಿಂತಿದ್ದವು; ಕಡೆಗೆ ಡಾಕ್ಟರು ಅಲ್ಲಿ ಇಲ್ಲಿ ಓಡಾಡಿ ಕೊಟ್ಟೂರಿನಿಂದ ಲಾರಿ ಮಾಡಿ ಬಂಡೆ ತರಿಸಿದರು. ಈ ನಡುವೆ ವಾರ್ಡಿಗೆ ಜನ ಒಬ್ಬೊಬ್ಬರೇ ವಾಪಸು ಬಂದರು. ನನ್ನ ತೋಳು ನೋಡಿ ಬಂದರೋ, ಬೇರೆ ದಾರಿ ಇಲ್ಲದೆ ಬಂದರೋ ನಾನು ಕೇಳಲಿಲ್ಲ. ಹೊಟ್ಟೆನೋವು ಬಂದವನಿಗೆ ಹರಪನಹಳ್ಳಿ ದೂರ, ಬಳ್ಳಾರಿ ಇನ್ನೂ ದೂರ.

ನಮ್ಮ ಮನೆಗೆ ಮಾತ್ರ ಯಾರೂ ವಾಪಸು ಬರಲಿಲ್ಲ. ಗೌಡರ ಮನೆಯವರು ಬಟ್ಟೆ ಕೊಡುವುದು ನಿಲ್ಲಿಸಿದರು, ಅದನ್ನು ನೋಡಿ ಶಾನುಭೋಗರ ಮನೆ, ಅದನ್ನು ನೋಡಿ ಇಡೀ ಓಣಿ. ಅವ್ವ ಸಂಜೆ ಬುಟ್ಟಿ ಹಿಡಿದು ಹೋಗುತ್ತಿದ್ದಳು, ಖಾಲಿ ಬುಟ್ಟಿ ತರುತ್ತಿದ್ದಳು. ಬೇಡ, ಹೋಗಬೇಡ ಅಂದರೆ ಕೇಳುತ್ತಿರಲಿಲ್ಲ. "ಹೋಗೋದು ನಾ ಬಿಡಂಗಿಲ್ಲ. ಕೊಡೋದು ಅವರು ಬಿಟ್ಟಾರ. ಅದು ಅವರಿಗೆ ಕಾಣಲಿ" ಅನ್ನುತ್ತಿದ್ದಳು. ಆಸ್ಪತ್ರೆಯ ಸಂಬಳದಲ್ಲಿ ಜೋಳ ಬರುತ್ತಿತ್ತು. ಆದರೆ ಅವಳಿಗೆ ಬೇಕಾಗಿದ್ದದ್ದು ಜೋಳವಲ್ಲ, ಆ ಬಾಗಿಲುಗಳಲ್ಲಿ ನಿಂತು ಕೂಗುವ ಹಕ್ಕು. ಅದನ್ನು ಕಳೆದವನು ನಾನು. ಗೊತ್ತಿದ್ದೇ ಕಳೆದೆ.

ಹಂಗಿರುವಾಗ ಗೌಡರ ಕಿರಿಮಗನ ಮದುವೆ ಬಂತು. ನಮ್ಮ ಕಡೆ ಮದುಮಕ್ಕಳು ಬರಿನೆಲದ ಮೇಲೆ ನಡೆದು ಹಂದರಕ್ಕೆ ಹೋಗುವುದಿಲ್ಲ. ಮಡಿವಾಳರು ಮುಂದೆ ಮುಂದೆ ಒಗೆದ ಸೀರೆ ಹಾಸುತ್ತ ಹೋಗಬೇಕು, ಅದರ ಮೇಲೆ ಅವರು ಕಾಲಿಡಬೇಕು. ಇದಕ್ಕೆ ನಡೆಮಡಿ ಅನ್ನುತ್ತಾರೆ. ಅವ್ವ ಗೌಡರ ಮದುವೆಗೂ ಹಾಸಿದವಳು, ಅವರ ದೊಡ್ಡ ಮಗನ ಮದುವೆಗೂ ಹಾಸಿದವಳು. ಒಂದೂರ ಹಕ್ಕಿಗೆ ಇನ್ನೊಂದೂರ ಮಡಿವಾಳ ಕೈಹಾಕುವಂತಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿದ್ದ ನಮ್ಮ ಮಾವನನ್ನು ಗೌಡರು ಕೇಳಿ ನೋಡಿದರಂತೆ. ಅವನು, "ಆ ಮುದುಕಿ ಜೀವಂತ ಇರೋತನ ನಾ ಬರಂಗಿಲ್ಲರಿ" ಅಂದನಂತೆ.

ಕಡೆಗೆ ಗೌಡರೇ ನಮ್ಮ ಮನೆಗೆ ಬಂದರು. ಹಾಸಿದ ಚಾಪೆ ಬಿಟ್ಟು, ಹೊರಗೆ ಕತ್ತೆ ಕಟ್ಟುವ ಕಲ್ಲಿನ ಮೇಲೆ ಕೂತರು.

"ಆದದ್ದು ಆಗೇತಿ. ದವಾಖಾನಿದು ಏನಾರ ಮಾಡಿಕೋ, ನಾ ಕೇಳಂಗಿಲ್ಲ" ಅಂದರು ನನಗೆ. "ನಿಮ್ಮವ್ವ ಬಂದು ನಡಿಮಡಿ ಹಾಸಲಿ. ಸೀರಿ ಮಾತ್ರ ಹಳ್ಳದಾಗ ಬ್ಯಾರೆ ಒಗೆದು, ಬ್ಯಾರೆ ಉಬ್ಬಿ ಇಟ್ಟು ತರಲಿ. ಓಣಿಯೋರೂ ನಾಳಿಂದ ಬಟ್ಟಿ ಕೊಡ್ತಾರ. ನಾ ಹೇಳ್ತೀನಿ."

ನನ್ನ ನಾಲಿಗೆಯ ತುದಿಗೆ ಉತ್ತರ ಬಂದಿತ್ತು. ಆದರೆ ಅವ್ವನ ಮುಖ ನೋಡಿ ತಡೆದೆ. ಗೌಡರು ಮನೆ ಬಾಗಿಲಿಗೆ ಬಂದು ಕೂತಿದ್ದಾರೆ, ಕಳೆದದ್ದೆಲ್ಲ ಒಂದೇ ಮಾತಿಗೆ ವಾಪಸು ಬರುತ್ತದೆ. ಅವಳ ಕಣ್ಣು ಒದ್ದೆಯಾಗಿತ್ತು. ಇದು ನಾನು ಹೇಳುವ ಉತ್ತರ ಅಲ್ಲ ಅನ್ನಿಸಿತು. ಅಷ್ಟು ದಿನ ನಾನು ಹಟ ಹಿಡಿದಿದ್ದೆ, ಅದರ ಹೊರೆ ಹೊತ್ತವಳು ಅವಳು.

"ಅವ್ವನ್ನ ಕೇಳ್ರಿ" ಅಂದೆ.

ಗೌಡರು ಅವಳ ಕಡೆ ತಿರುಗಿದರು. "ಏನಬೇ, ಏನಂತಿ?"

ಅವ್ವ ಸೆರಗಿನಿಂದ ಮುಖ ಒರೆಸಿಕೊಂಡಳು. "ನಿಮ್ಮ ಮದುವಿಗೆ ಹಾಸೇನ್ರಿ ಗೌಡ್ರ. ನಿಮ್ಮ ತೊಟ್ಟಿಲ ಬಟ್ಟಿನೂ ನಮ್ಮತ್ತಿ ಒಗೆದಾಳ. ನಿಮ್ಮ ಕಿರೇ ಹುಡುಗನ ಮದುವಿಗೂ ಹಾಸಬೇಕಂತ ಆಸಿ ಐತಿ, ಇಲ್ಲನ್ನಂಗಿಲ್ಲ." ಖಾಲಿ ಬುಟ್ಟಿಯನ್ನು ಗೋಡೆಯ ಕಡೆಗೆ ಸರಿಸಿದಳು. "ಆದ್ರ ನನ್ನ ಮಗ ಎಲ್ಲಿ ಉಬ್ಬಿ ಇಡ್ತಾನೋ ನನ್ನ ಸೀರಿನೂ ಅಲ್ಲೇ ಬೇಯತೈತ್ರಿ. ಅದರ ಮ್ಯಾಲೆ ನಿಮ್ಮ ಮಗ ನಡಿತಾನಂದ್ರ ಹೇಳಿ ಕಳಸ್ರಿ, ಬರ್ತೀನಿ. ಇಬ್ಬರ ಮನಿಯಾಗ ಎರಡು ಒಲಿ ಹೂಡೋ ವಯಸ್ಸಲ್ಲ ನಂದು."

ಗೌಡರು ಎದ್ದು ಪಂಚೆಗೆ ಹತ್ತಿದ ಮಣ್ಣು ಕೊಡವಿಕೊಂಡರು. "ಹಂಗಾರ ಬ್ಯಾಡ ಬಿಡು" ಅಂದರು. ಹೇಳಿ ಕಳಿಸಲಿಲ್ಲ.

ಮದುವೆಯ ದಿನ ಕೊಟ್ಟೂರಿನ ಅಂಗಡಿಯಿಂದ ಹೊಸ ಬಟ್ಟೆಯ ತಾನು ತರಿಸಿ, ಅವರ ಆಳಿನಿಂದ ಹಾಸಿಸಿದರಂತೆ. ಹಾಸುವ ಪದ್ಧತಿ ಅವನಿಗೇನು ಗೊತ್ತು, ನಡುವೆ ನಡುವೆ ನೆಲ ಕಾಣುತ್ತಿತ್ತಂತೆ. ನಾನು ನೋಡಲಿಲ್ಲ. ಅವತ್ತು ಬೆಳಿಗ್ಗೆ ಹೊಸ ಥಿಯೇಟರಿನಲ್ಲಿ ಮೊದಲ ಆಪರೇಶನ್. ಹಿಂದಿನ ದಿನವೇ ಅಂಗಿ, ಮುಸುಕು, ನಡುವೆ ತೂತಿರುವ ಹೊದಿಕೆ ಎಲ್ಲವನ್ನೂ ಸಿಸ್ಟರಮ್ಮ ಕಲಿಸಿದ ಹಾಗೆ, ಹಾಕಿಕೊಳ್ಳುವವರ ಕೈಗೆ ಒಳಮೈಯೇ ಸಿಗುವಂತೆ ಮಡಿಚಿ ಡ್ರಮ್ಮಿಗೆ ತುಂಬಿದ್ದೆ. ಸ್ಟವ್ವಿನ ಮೇಲೆ ಆವಿಯ ಪೆಟ್ಟಿಗೆ ಬುಸುಗುಟ್ಟಿತ್ತು. ಒಳಗೆ ಮಲಗಿದ್ದವಳು ಕೇರಿಯ ಹೆಂಗಸು. ಹೊಟ್ಟೆಯಲ್ಲಿ ಕೂಸು ಅಡ್ಡ ತಿರುಗಿತ್ತು. ಊರೊಳಗೆ ಮದುವೆಯ ಬ್ಯಾಂಡು ಬಾರಿಸುತ್ತಿತ್ತು, ಥಿಯೇಟರಿನ ಹೊರಗೆ ಅವಳ ಗಂಡ ತಲೆಯ ಮೇಲೆ ಕೈ ಹೊತ್ತು ಕೂತಿದ್ದ.

ಕೂಸು ಅತ್ತದ್ದು ಬ್ಯಾಂಡಿನ ನಡುವೆಯೂ ಕೇಳಿಸಿತು.

ರಕ್ತದ ಬಟ್ಟೆಗಳ ಬಕೆಟ್ಟು ಎತ್ತಿಕೊಂಡು ಬಾವಿಯ ಹತ್ತಿರ ಬಂದರೆ ಅವ್ವ ಕಲ್ಲಿನ ಪಕ್ಕ ನಿಂತಿದ್ದಳು. ಆಸ್ಪತ್ರೆಯ ಹಿತ್ತಲಿಗೆ ಅವಳು ಕಾಲಿಟ್ಟದ್ದು ಅದೇ ಮೊದಲು. ಸೀರೆ ಎತ್ತಿ ಕಚ್ಚೆ ಹಾಕಿದ್ದಳು.

"ಬಾಣಂತಿ ಹೆಂಗದಾಳ?"

"ಅದಾಳ. ಗಂಡು ಕೂಸು."

"ತಾ ಇಲ್ಲಿ."

ಬಕೆಟ್ಟು ಇಸಿದುಕೊಂಡು ತಣ್ಣೀರಿನ ಕಲ್ಲುದೋಣಿಗೆ ಸುರಿದಳು. ಹೊದಿಕೆಯನ್ನು ಹಿಡಿದು ಕಲೆಯ ಮೇಲೆ ಹೆಬ್ಬೆರಳಿಂದ ತಿಕ್ಕತೊಡಗಿದಳು. ಮದುವೆ ಮನೆಗೆ ನೀರು ಹೊರುತ್ತಿದ್ದ ಓಣಿಯ ಹೆಂಗಸೊಬ್ಬಳು ಬೇಲಿಯ ಆಚೆ ಕೊಡ ಹೊತ್ತು ನಿಂತಳು. ದೋಣಿಯ ನೀರು ಕೆಂಪಾಗುತ್ತಿರುವುದನ್ನು ನೋಡಿದಳು.

"ಏನಬೇ, ಅವು ಯಾರ ಬಟ್ಟಿ?"

ಅವ್ವ ತಲೆ ಎತ್ತಲಿಲ್ಲ.

"ನಮ್ಮವು" ಅಂದಳು.